ಅಕ್ಕ ಹತ್ತದ ಬಸ್ಸು

ಫೋನಿನಲ್ಲಿ "ಹೊರಟೆ" ಎಂದು ಹೇಳಿ, ಆಮೇಲೆ ಸ್ನಾನಕ್ಕೆ ಹೋಗುವವರ ಪೈಕಿ ನಾನು. ಇದು ಸುಳ್ಳು ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಮನಸ್ಸು ಹೊರಟಾಗಿದೆ, ಮೈ ಹಿಂದಿನಿಂದ ಬರುತ್ತದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಕಾರು ಕೊಂಡ ಮೇಲೆ, ಹೇಳಿದ ಹೊತ್ತಿಗೆ ಹೋಗಿ ಅಕ್ಕನನ್ನು ಕರೆದುಕೊಂಡು ಬಂದ ಶುಕ್ರವಾರ ಒಂದೂ ಇಲ್ಲ.

ಕೊಲ್ಲಿಯ ಈ ದ್ವೀಪದಲ್ಲಿ ಅಕ್ಕ ಇರುವುದು ಗುದೈಬಿಯಾದಲ್ಲಿ, ಭಾವನ ಜೊತೆ, ಹಳೆಯ ಕಟ್ಟಡದ ಸಣ್ಣ ಫ್ಲ್ಯಾಟಿನಲ್ಲಿ. ಕೆಲಸ ಬುದಯ್ಯದಲ್ಲಿ, ಹೆಂಗಸರ ಬಟ್ಟೆ ಹೊಲಿಯುವ ಅಂಗಡಿಯಲ್ಲಿ. ನಾನು ಅಸ್ಕರ್ ಕಡೆ ವೆಲ್ಡರ್. ಏಳನೇ ಕ್ಲಾಸಿನಲ್ಲಿ ಶಾಲೆಯೂ ನಾನೂ ಪರಸ್ಪರ ಕೈ ಮುಗಿದು ಬೇರೆಯಾದವರು. ನನಗೆ ಈ ಕೆಲಸ ಸಿಗುವ ಹಾಗೆ ಮಾಡಿದವಳು ಅಕ್ಕನೇ. ಬಂದ ಹೊಸತರಲ್ಲಿ ಕೆಲಸಗಾರರ ಕ್ಯಾಂಪಿನ ಊಟ ನನಗೆ ಸೇರುವುದಿಲ್ಲ ಎಂದು, ರಜೆಯ ದಿನ ಎರಡು ಬಸ್ಸು ಬದಲಿಸಿ ಅಸ್ಕರ್‌ಗೆ ಬುತ್ತಿ ತರುತ್ತಿದ್ದಳು. ಬಂಗುಡೆ ಮೀನಿನ ಪುಳಿಮುಂಚಿ ಸಾರು ಅಷ್ಟು ದೂರ ಬಂದರೂ ಡಬ್ಬದ ಹೊರಗೆ ಒಂದು ಹನಿ ಚೆಲ್ಲಿರುತ್ತಿರಲಿಲ್ಲ. ನಾನು ಗೇಟಿಗೆ ಬರುವ ಮೊದಲೇ ಅವಳು ಅಲ್ಲಿರುತ್ತಿದ್ದಳು. ಹಾಗಾಗಿ ಅಕ್ಕನಿಗಾಗಿ ಕಾಯುವುದು ಹೇಗಿರುತ್ತದೆ ಎಂದು ಕಲಿಯುವ ಅವಕಾಶವೇ ನನಗೆ ಸಿಗಲಿಲ್ಲ ನೋಡಿ.

ಕಾರು ಬಂದ ಮೇಲೆ ಒಂದು ಏರ್ಪಾಡಾಯಿತು. ಶುಕ್ರವಾರ ನಮಾಜಿಗೆ ಮೊದಲು ಅಂಗಡಿ ಮುಚ್ಚುತ್ತದೆ. ಅಕ್ಕ ಬಸ್‌ಸ್ಟಾಪಿನಲ್ಲಿ ನಿಲ್ಲಬೇಕು, ನಾನು ಅಸ್ಕರ್‌ನಿಂದ ಬಂದು ಹತ್ತಿಸಿಕೊಂಡು ಗುದೈಬಿಯಾಕ್ಕೆ ಊಟಕ್ಕೆ ಹೋಗಬೇಕು. ದ್ವೀಪದ ಒಂದು ಮೂಲೆಯಿಂದ ಇನ್ನೊಂದು ಮೂಲೆ. ದ್ವೀಪ ಸಣ್ಣದು, ಆದರೆ ನನ್ನ ಸೋಮಾರಿತನ ಅದನ್ನು ಎಳೆದು ಎಳೆದು ದೊಡ್ಡದು ಮಾಡುತ್ತಿತ್ತು.

ಕಾರಿದ್ದವನಿಗೆ ಈ ಊರಿನಲ್ಲಿ ಕಾರಿಲ್ಲದವರು ಹೇಗೆ ಓಡಾಡುತ್ತಾರೆ ಎಂಬುದು ಬೇಗ ಮರೆತುಹೋಗುತ್ತದೆ. ಕಂಪನಿಯ ಬಸ್ಸು ಉಂಟು, ಅದು ಕ್ಯಾಂಪ್ ಮತ್ತು ಕೆಲಸ ಬಿಟ್ಟರೆ ಮೂರನೇ ಜಾಗ ನೋಡಿದ್ದಲ್ಲ. ಟ್ಯಾಕ್ಸಿ ಉಂಟು, ಅದರ ಮೀಟರ್ ನೋಡುತ್ತಾ ಕುಳಿತರೆ ಹೊರಗಿನ ಸಮುದ್ರ ಕಾಣಿಸುವುದಿಲ್ಲ. ಪರಿಚಯದವರ ಕಾರು ಉಂಟು, ಅದರಲ್ಲಿ ಅವರ ಮದುವೆ ಆಲ್ಬಮ್ಮಿನ ಕತೆಯನ್ನೂ ಕೇಳಬೇಕು. ಗುದೈಬಿಯಾದ ಗಲ್ಲಿಗಳಲ್ಲಾದರೆ ಕಾಲೇ ಸಾಕು. ಇವೆಲ್ಲದರ ನಡುವೆ ಕೆಂಪು ಬಸ್ಸು, ಯಾರ ಮೇಲೂ ಸಿಟ್ಟಿಲ್ಲದ ಹಾಗೆ, ತನ್ನ ಪಾಡಿಗೆ ಬಂದು ಹೋಗುತ್ತಿರುತ್ತದೆ. ನಾನು ಅದನ್ನು ಓವರ್‌ಟೇಕ್ ಮಾಡಿದ್ದೇ ಹೊರತು ಒಳಗೆ ಯಾರಿದ್ದಾರೆ ಎಂದು ನೋಡಿದವನಲ್ಲ.

ಹೋದ ಬೇಸಿಗೆಯಲ್ಲಿ ಕಾರಿನ ರೇಡಿಯೇಟರ್ ಕೈಕೊಟ್ಟಿತು. ಈಗ ಆ ರೇಡಿಯೇಟರಿಗೂ ನಾನು ಕೃತಜ್ಞ. ಶುಕ್ರವಾರ ಬೆಳಿಗ್ಗೆ ಕಾರನ್ನು ಗ್ಯಾರೇಜಿಗೆ ತಳ್ಳಿ, ಅಭ್ಯಾಸದಂತೆ ಅಕ್ಕನಿಗೆ ಫೋನು ಮಾಡಿ "ಹೊರಟೆ" ಎಂದೆ. ಕಾರಿಲ್ಲ ಎಂದು ಹೇಳಲಿಲ್ಲ. ಹೇಳಿದರೆ ದರ್ಪ ಸ್ವಲ್ಪ ಕಡಿಮೆಯಾಗುತ್ತದಲ್ಲ!

ಬಸ್ಸಿಗೆ ಕರೆದುಕೊಂಡು ಹೋದವನು ನನ್ನ ಜೊತೆ ಕೆಲಸ ಮಾಡುವ ರೋಡೆಲ್. ಮನೀಲಾದವನು, ಇಲ್ಲಿ ರಜೆ ಶುಕ್ರವಾರ ಆದ್ದರಿಂದ ಅಂದೇ ಚರ್ಚಿಗೆ ಹೊರಟಿದ್ದ. ಪಾಂಡಿತ್ಯದ ಮಾತು ಬಂದಾಗ ಓದಿದವರು ಪುಸ್ತಕ ತೆಗೆಯುತ್ತಾರೆ, ನಾನು ರೋಡೆಲ್‌ನನ್ನು ಕೇಳುತ್ತೇನೆ. ಅವನ ಊರಿನಲ್ಲಿ ಕಂಬಗಳ ಮೇಲೆ ಓಡುವ ರೈಲು ಉಂಟಂತೆ, ನದಿಯಲ್ಲಿ ದೋಣಿ ಉಂಟಂತೆ, ಪಕ್ಕದಲ್ಲಿ ಗೂಡು ಕಟ್ಟಿದ ಮೋಟರ್ ಸೈಕಲ್ ಉಂಟಂತೆ. ಎಲ್ಲಕ್ಕಿಂತ ಮೇಲೆ ಜೀಪ್ನಿ. ಮೈತುಂಬ ಬಣ್ಣ ಬಳಿದ ಉದ್ದ ಜೀಪು, ಒಳಗೆ ಎದುರುಬದುರು ಎರಡು ಬೆಂಚು. ಹಿಂದೆ ಕುಳಿತವನು ತನ್ನ ಚಿಲ್ಲರೆಯನ್ನು ಪಕ್ಕದವನಿಗೆ ಕೊಡುತ್ತಾನೆ, ಅವನು ಮುಂದಿನವನಿಗೆ. ಹೀಗೆ ಗುರುತಿಲ್ಲದವರ ಕೈ ದಾಟಿ ಅದು ಡ್ರೈವರ್‌ಗೆ ಮುಟ್ಟುತ್ತದೆ. ಬಾಕಿಯೂ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ.

"ಮಧ್ಯದಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲವಾ?" ಎಂದೆ.

"ಬ್ರದರ್, ಎಲ್ಲರೂ ಒಂದಲ್ಲ ಒಂದು ದಿನ ಹಿಂದಿನ ಸೀಟಿನವರೇ," ಎಂದ ರೋಡೆಲ್.

ಇಷ್ಟು ಬಗೆಯ ವಾಹನಗಳಿದ್ದೂ ಮನೀಲಾದಲ್ಲಿ ಯಾರೂ ಸಮಯಕ್ಕೆ ಮುಟ್ಟುವುದಿಲ್ಲವಂತೆ. ಅಲ್ಲಿಯವರೂ ಟವೆಲ್ ಸುತ್ತಿಕೊಂಡೇ "ದಾರಿಯಲ್ಲಿದ್ದೇನೆ" ಎನ್ನುತ್ತಾರಂತೆ. ನನಗೆ ಆ ಊರಿನ ಮೇಲೆ ಒಮ್ಮೆಲೇ ಪ್ರೀತಿ ಹುಟ್ಟಿತು.

ದ್ವೀಪದ ರಾಜಧಾನಿ ಮನಾಮಾದಲ್ಲಿ ರೋಡೆಲ್ ನನ್ನನ್ನು ಬುದಯ್ಯದ ಬಸ್ಸಿಗೆ ಹತ್ತಿಸಿ ಹೋದ. ಎ.ಸಿ. ತಣ್ಣಗಿತ್ತು. ಸ್ವಲ್ಪ ಹೊತ್ತಿನಲ್ಲಿ ರಸ್ತೆಯ ಆಚೆ ಬದಿಯಲ್ಲಿ ಅಕ್ಕನ ಸ್ಟಾಪ್ ಕಾಣಿಸಿತು. ಅಲ್ಲಿ ಅಕ್ಕ ನಿಂತಿದ್ದಳು. ಚಪ್ಪರದ ನೆರಳಿತ್ತು, ಆದರೆ ನನ್ನ ಕಾರು ಕಣ್ಣು ತಪ್ಪೀತು ಎಂದು ಬಿಸಿಲಿಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ರಸ್ತೆ ನೋಡುತ್ತಿದ್ದಳು. ಅವಳು ಕಾಯುವುದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಕಾರು ಕಂಡ ಕೂಡಲೇ ಅವಳು ನಗುವವಳು, ಆದ್ದರಿಂದ ನಾನು ಕಂಡದ್ದು ಯಾವಾಗಲೂ ನಗುವ ಅಕ್ಕನನ್ನೇ.

ಇಳಿಯಲು ಎದ್ದು ನಿಂತೆ. ಬಸ್ಸು ನಿಲ್ಲಲಿಲ್ಲ. ನಮ್ಮ ಊರಿನ ಬಸ್ಸುಗಳಲ್ಲಿ ಕಂಡಕ್ಟರ್ ಶಿಳ್ಳೆ ಹೊಡೆಯುತ್ತಾನಲ್ಲ, ನಾನು ಆ ಶಿಳ್ಳೆಗೆ ಕಾಯುತ್ತಾ ನಿಂತಿದ್ದೆ! ಇಲ್ಲಿ ಕಂಡಕ್ಟರೇ ಇಲ್ಲ, ಕಂಬದ ಗುಂಡಿ ನಾವೇ ಒತ್ತಬೇಕು ಎಂದು ಗೊತ್ತಾಗುವಾಗ ಕೊನೆಯ ಸ್ಟಾಪ್ ಬಂದಿತ್ತು. ಡ್ರೈವರ್ ಪೇಶಾವರದ ಕಡೆಯವನು, ಗಡ್ಡಕ್ಕೆ ಮದರಂಗಿ ಹಚ್ಚಿದ್ದ ಚಾಚಾ. "ಕುಳಿತುಕೋ, ಇದೇ ಬಸ್ಸು ವಾಪಸ್ ಹೋಗುತ್ತದೆ," ಎಂದು ಹಿಂದಿಯಲ್ಲಿ ಹೇಳಿದ.

ಅಷ್ಟರಲ್ಲಿ ಅಕ್ಕನ ಫೋನು. "ಎಲ್ಲಿ ಮುಟ್ಟಿದಿ ಮಾರಾಯಾ?"

"ಹತ್ತಿರ ಇದ್ದೇನೆ ಅಕ್ಕಾ," ಎಂದೆ. ಜೀವಮಾನದಲ್ಲಿ ಮೊದಲ ಸಲ ಆ ಮಾತು ನಿಜವಾಗಿತ್ತು.

"ಆಯ್ತು, ನಿಧಾನಕ್ಕೆ ಬಾ. ಸ್ಪೀಡ್ ಮಾಡ್ಬೇಡ ಆಯ್ತಾ?"

ಬಸ್ಸು ತಿರುಗಿಸುತ್ತಾ ಚಾಚಾ ಹೇಳಿದ, "ಮುಂದೆ ಒಂದು ಸ್ಟಾಪಿನಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ, ಬೇಜಾರು ಮಾಡಬೇಡ. ಅಲ್ಲಿ ಒಬ್ಬಳು ದೀದಿ ಇರುತ್ತಾಳೆ. ಶುಕ್ರವಾರ ಬಂದರೆ ನಿಂತಿರುತ್ತಾಳೆ, ಬಸ್ಸು ಹತ್ತುವುದಿಲ್ಲ."

"ಯಾಕೆ?" ಎಂದೆ. ಕೇಳಬಾರದಿತ್ತು.

"ತಮ್ಮ ಕಾರು ತರುತ್ತಾನಂತೆ. ನಾನು ಬಾಗಿಲು ತೆಗೆದು 'ಬಂದನಾ ದೀದಿ?' ಎಂದು ಕೇಳುತ್ತೇನೆ. 'ಹೊರಟಿದ್ದಾನೆ ಚಾಚಾ' ಎನ್ನುತ್ತಾಳೆ. ಅಷ್ಟು ಹೊತ್ತು ಎ.ಸಿ. ಗಾಳಿ ಅವಳ ಮುಖಕ್ಕೆ ಬೀಳುತ್ತದೆ. ನನ್ನಿಂದ ಆಗುವುದು ಅಷ್ಟೇ." ಚಾಚಾ ಗೇರ್ ಬದಲಿಸಿದ. "ಈ ತಮ್ಮ ಏನು ಕಾಬೂಲಿನಿಂದ ಬರುತ್ತಾನೋ?"

"ಅಲ್ಲ, ಅಸ್ಕರ್‌ನಿಂದ," ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

ಚಾಚಾ ಕನ್ನಡಿಯಲ್ಲಿ ನನ್ನನ್ನು ನೋಡಿದ. ಬೈಯುತ್ತಾನೆ ಎಂದುಕೊಂಡೆ. "ಅಚ್ಛಾ," ಎಂದ, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ನನಗೆ ಜೀಪ್ನಿಯ ನೆನಪಾಯಿತು. ನಾನು ಕೊಡಬೇಕಾಗಿದ್ದ ತಂಪನ್ನು ಗುರುತು ಪರಿಚಯ ಇಲ್ಲದ ಈ ಮನುಷ್ಯ ತನ್ನ ಕೈಯಿಂದ ಅಕ್ಕನಿಗೆ ದಾಟಿಸುತ್ತಿದ್ದ. ಮಧ್ಯದಲ್ಲಿ ತಾನೇನೂ ಇಟ್ಟುಕೊಂಡಿರಲಿಲ್ಲ.

ಬಾಗಿಲು ತೆರೆಯಿತು. "ದೀದಿ, ತಮ್ಮ ಬಂದ!" ಎಂದು ಚಾಚಾ ಕೂಗಿದ. ಅಕ್ಕ ನಗುತ್ತಾ ರಸ್ತೆಯ ಕಡೆ ತಿರುಗಿ ಕಾರು ಹುಡುಕಿದಳು. ಆಮೇಲೆ ಬಸ್ಸಿನೊಳಗೆ ನನ್ನನ್ನು ಕಂಡಳು.

"ಅಯ್ಯೋ, ನೀನು ಎಂತ ಇದರಲ್ಲಿ? ಕಾರೆಲ್ಲಿ?"

"ಗ್ಯಾರೇಜಿನಲ್ಲಿ."

"ಹೇಳ್ಲಿಕ್ಕೆ ಎಂತ ದಾಡಿ ನಿಂಗೆ? ಆಗ ಒಂದು ಬಸ್ಸು ಬಿಟ್ಟೆ ನಾನು. ಮೀನು ತಣ್ಣಗಾಗಿ ಕಲ್ಲಾಗಿರ್ತದೆ ಅಲ್ಲಿ."

ಹತ್ತಿ, ಬಸ್ಸಿನ ಕಾರ್ಡನ್ನು ಮೆಷಿನಿಗೆ ಮುಟ್ಟಿಸಿ, ಕಿಟಕಿಯ ಪಕ್ಕ ಕುಳಿತು, ಸೆರಗಿನಿಂದ ಕತ್ತು ಒರೆಸಿಕೊಂಡಳು. ಬ್ಲೌಸಿನ ಬೆನ್ನು ಒದ್ದೆಯಾಗಿತ್ತು. ನಾನು ಕೇಳಿದೆ, "ನಾನು ತಡ ಮಾಡಿದಾಗ ನೀನು ಬಸ್ಸು ಹತ್ತಿ ಹೋಗಬಾರದಾ ಅಕ್ಕಾ?"

"ನಾನು ಹೋದ ಮೇಲೆ ನೀನು ಬಂದ್ರೆ? ಅಷ್ಟು ದೂರದಿಂದ ಬಂದವ, ಈ ಬಿಸಿಲಲ್ಲಿ ಒಬ್ಬನೇ ಕಾಯ್ಬೇಕಾ?"

ಎ.ಸಿ. ಕಾರಿನಲ್ಲಿ ಬರುವವನ ಬಗ್ಗೆ ಅವಳ ಚಿಂತೆ ಇದು. ನಮ್ಮ ಮನೆಯಲ್ಲಿ ಒಡಹುಟ್ಟಿದವರು ಪರಸ್ಪರ ಕ್ಷಮೆ ಕೇಳುವ ಕ್ರಮ ಇಲ್ಲ. ಬೈದುಕೊಂಡು, ಸಂಜೆಗೆ ಚಹಾ ಕೊಟ್ಟರೆ ಮುಗಿಯಿತು. ನಾನೂ ಹಾಗೆಯೇ ಮುಗಿಸಬಹುದಿತ್ತು. ಆದರೆ ಕನ್ನಡಿಯಲ್ಲಿ ಚಾಚಾನ ಕಣ್ಣಿತ್ತು, ಪಕ್ಕದಲ್ಲಿ ಅಕ್ಕನ ಒದ್ದೆ ಬೆನ್ನಿತ್ತು. ಬಸ್ಸಿನಲ್ಲಿದ್ದ ನಾಲ್ಕು ಜನರಿಗೂ ಕೇಳುವ ಹಾಗೆ ಹೇಳಿದೆ:

"ತಪ್ಪಾಯ್ತು ಅಕ್ಕಾ. ಹೊರಟೆ ಅಂತ ಹೇಳುವಾಗ ನಾನು ಒಂದು ದಿನವೂ ಹೊರಟಿರ್ಲಿಲ್ಲ."