ಅಕ್ಕನ ಮೂಳೆಯಲ್ಲಿದ್ದ ಸೀಸ

ಮೊಣಕಾಲಿನ ಕೆಳಗೆ, ಮಾಂಸದ ಮರೆಯಿಲ್ಲದೆ ಚರ್ಮದಡಿಯಲ್ಲೇ ಇರುವ ಉದ್ದನೆಯ ಮೂಳೆಯನ್ನು ನಾವು ಸ್ಮರಿಸುವುದು ಅದು ಮಂಚದ ಕಾಲಿಗೆ ತಾಗಿ ಕಣ್ಣಲ್ಲಿ ನೀರು ಬಂದಾಗ ಮಾತ್ರ. ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ನನಗೂ ಅದರ ವಿಷಯದಲ್ಲಿದ್ದ ಜ್ಞಾನ ಅಷ್ಟೇ.

ತೊಂಬತ್ತರ ದಶಕದ ನಡುವಿನಲ್ಲಿ ಚಾಮರಾಜನಗರಕ್ಕೆ ಸಂಶೋಧಕರ ತಂಡವೊಂದು ಬಂತು. ಜೀವಂತ ಮನುಷ್ಯರ ಮೂಳೆಯಲ್ಲಿ ಎಷ್ಟು ಸೀಸ ಸೇರಿದೆಯೆಂದು, ಸೂಜಿ ಚುಚ್ಚದೆ, ಮೂಳೆ ಕೊರೆಯದೆ ಅಳೆಯುವ ಯಂತ್ರ ಅವರಲ್ಲಿತ್ತು. ಹೊರಗಿನಿಂದ ಕಿರಣ ಬಿದ್ದರೆ ಮೂಳೆಯೊಳಗಿನ ಸೀಸ ತನ್ನದೇ ಕ್ಷಕಿರಣವನ್ನು ಹೊರಸೂಸುತ್ತದೆ. ಅದನ್ನು ಅಳೆದರೆ ಸೀಸದ ಪ್ರಮಾಣ ತಿಳಿಯುತ್ತದೆ. ಹಿಂದೆ ಬ್ಯಾಟರಿ ಕೆಲಸ ಮಾಡಿದವರನ್ನು ಅವರು ಹುಡುಕುತ್ತಿದ್ದರು. ದುಭಾಷಿಯಾಗಿ ಆಯ್ಕೆಯಾದ ನಾನು ಇಸ್ತ್ರಿಯ ಅಂಗಿ ತೊಟ್ಟು ಬಹು ಗಾಂಭೀರ್ಯದಿಂದ ಹೋದೆ. ನನ್ನ ಇಂಗ್ಲಿಷ್ ಅವರಿಗೂ, ನನ್ನ ಪುಸ್ತಕದ ಕನ್ನಡ ನಮ್ಮವರಿಗೂ ಅರ್ಥವಾಗದೆ, ಎರಡು ಕಡೆಯವರೂ ಕೈಸನ್ನೆಯಿಂದಲೇ ಸುಧಾರಿಸಿಕೊಂಡರು.

ಬ್ಯಾಟರಿ ಎಂದೊಡನೆ ನನಗೆ ನೆನಪಾದವಳು ಅಕ್ಕ ಮಹದೇವಮ್ಮ. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಪಕ್ಕ ಅಪ್ಪ ಲಾರಿ ಬ್ಯಾಟರಿಗಳನ್ನು ರಿಪೇರಿ ಮಾಡುತ್ತಿದ್ದ. ಅವ್ವ ತೀರಿಕೊಂಡ ಮೇಲೆ, ಹತ್ತು ವರ್ಷದ ಅಕ್ಕ ಶಾಲೆ ಬಿಟ್ಟು, ಹಳೆಯ ಬ್ಯಾಟರಿ ಒಡೆದು, ಹಿತ್ತಲ ಒಲೆಯ ಮೇಲೆ ಸೀಸ ಕರಗಿಸಿ ಅಚ್ಚಿಗೆ ಹೊಯ್ಯತೊಡಗಿದಳು. ಅದೇ ಒಲೆಯಲ್ಲಿ ಮುದ್ದೆಯೂ ಬೇಯುತ್ತಿತ್ತು. ನಾನು ಮೈಸೂರಿನ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದೆ. ಮುಂದೆ ಅವಳನ್ನು ಉಡಿಗಾಲ ಎಂಬ ಊರಿಗೆ ಮದುವೆ ಮಾಡಿಕೊಟ್ಟರು. ಮೂರು ಬಸಿರೂ ನಿಲ್ಲಲಿಲ್ಲ. ಅವಳ ಒಡಲಲ್ಲೇ ದೋಷವಿದೆ ಎಂದು ಅತ್ತೆ ಊರೆಲ್ಲ ಹೇಳಿ, ತವರಿಗೆ ಕಳಿಸಿದರು. ಗಂಡ ಕರೆಯಲು ಬರಲಿಲ್ಲ.

ಯಂತ್ರದ ಮುಂದೆ ಅಕ್ಕ ಸೀರೆಯನ್ನು ಸಂಕೋಚದಿಂದ ಮೊಣಕಾಲಿನವರೆಗೆ ಸರಿಸಿ ಅರ್ಧ ಗಂಟೆ ಅಲುಗಾಡದೆ ಕುಳಿತಳು. ಯಂತ್ರವನ್ನು ತಣ್ಣಗಿಡಲು ಸುರಿದ ದ್ರವದಿಂದ ಬಿಳಿಯ ಆವಿ ಎದ್ದಾಗ ಮಾತ್ರ, "ಇಲ್ಲೂ ಒಗೆನೇಯಾ?" ಎಂದು ನಕ್ಕಳು. ಹೋಲಿಕೆಗೊಬ್ಬರು ಬೇಕೆಂದು ನಾನೂ ಕುಳಿತೆ.

ಕೆಲವು ದಿನಗಳ ಬಳಿಕ ತಂಡದ ವೈದ್ಯೆ ನಮ್ಮಿಬ್ಬರನ್ನೂ ಕರೆಸಿ ವರದಿಯ ಕಾಗದ ಕೊಟ್ಟರು. ನನ್ನ ಮೂಳೆಯಲ್ಲಿ ಹೇಳಿಕೊಳ್ಳುವಷ್ಟು ಸೀಸವಿರಲಿಲ್ಲ. ಅಕ್ಕನದರಲ್ಲಿ ಬಹಳವಿತ್ತು. ಬಾಲ್ಯದಲ್ಲಿ ಮೂಳೆ ಸೇರಿದ ಸೀಸ ಹತ್ತಾರು ವರ್ಷ ಅಲ್ಲೇ ಉಳಿಯುತ್ತದೆಂದೂ, ಬಸಿರಿನಲ್ಲಿ ಮೂಳೆಯಿಂದ ರಕ್ತಕ್ಕಿಳಿದು ಕೂಸನ್ನು ಮುಟ್ಟುತ್ತದೆಂದೂ ಅವರು ಹೇಳಿದರು. ಖಂಡಿತವಾಗಿ ಇದೇ ಕಾರಣ ಎನ್ನಲಾಗದು, ಆದರೆ ಇದಾಗಿರಬಹುದು ಎಂದರು. ಅದನ್ನು ಕನ್ನಡಕ್ಕೆ ತರಲು ನಾನು ಬಹಳ ಹೊತ್ತು ತಡವರಿಸಿದೆ.

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೇಳಿದಳು: "ಅಂಗಾರೆ ನಂದೇನ್ ತಪ್ಪಿರ್ನಿಲ್ವಾ?"

"ಇಲ್ಲ ಕಣಕ್ಕ."

ತವರಿಗೆ ಬಂದ ಹದಿನೈದು ವರ್ಷಗಳಲ್ಲಿ ಒಮ್ಮೆಯೂ ಅತ್ತದ್ದನ್ನು ನಾನು ನೋಡಿರದ ಅಕ್ಕ, ಅಂದು ಆ ಕೋಣೆಯಲ್ಲಿ ಅತ್ತಳು.

ಬಸ್ಸಿನಲ್ಲಿ ನಾನು, "ನಾಳೆನೇ ಉಡಿಗಾಲಕ್ಕೆ ಹೋಗಿ ಈ ಕಾಗದ ತೋರಿಸೋಣ" ಎಂದೆ. ನನ್ನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ ಆಗಿತ್ತು.

"ತೋರ್ಸುದ್ರೆ ಸೀಸ ಎಲ್ಲಿಂದ ಬಂತು ಅಂತ ಕೇಳಲ್ವಾ? ಅಪ್ಪನ್ ಎಸ್ರೇ ಬತ್ತದೆ," ಎಂದಳು ಅಕ್ಕ. ಆಮೇಲೆ, "ಅಪ್ಪನ್ಗೆ ಯೋಳ್ಬ್ಯಾಡ ಕಣ. ಅವ್ರಿಗೇನ್ ಗೊತ್ತಿತ್ತು, ಪಾಪ. ನಂಗ್ ಗೊತ್ತಾಯ್ತಲ್ಲ, ಸಾಕು ಬುಡು," ಎಂದು ಕಾಗದವನ್ನು ಮಡಚಿ ನನ್ನ ಜೇಬಿಗೆ ತುರುಕಿದಳು.

ಮನೆಯಲ್ಲಿ ಅಪ್ಪ ಊಟ ಮಾಡದೆ ಕಾಯುತ್ತಿದ್ದ. "ಏನಂದ್ರವ್ವ ಡಾಕ್ಟ್ರು?" ಎಂದು ಕೇಳಿದ.

"ಮೂಳೆ ಗಟ್ಟಿಯಾಗೇ ಅದೆ ಅಂದ್ರು ಕಣಪ್ಪ."

ಅಪ್ಪನ ಮುಖ ಅರಳಿತು. "ಚಿಕ್ಕೋಳಾಗಿದ್ದಾಗ್ಲೂ ನೀನು ಗಟ್ಟಿನೇಯಾ. ಇವ್ನು ಸೊರಗ್ಕಂಡಿದ್ದ, ಅದ್ಕೇ ಓದಕ್ ಕಳುಸ್ದೆ. ನಿನ್ನ ಕೆಲ್ಸಕ್ ಆಕಂಡೆ," ಎಂದ.

"ಊಂ ಕಣಪ್ಪ," ಎಂದು ಅಕ್ಕ ಮೊದಲ ಮುದ್ದೆಯನ್ನು ಅವನ ತಟ್ಟೆಗೆ ಇಟ್ಟಳು. ಎರಡನೆಯದನ್ನು ನನಗೆ ಕೊಟ್ಟಳು. ನಾನು ಕೈಯೊಡ್ಡಿದೆ, ಅವಳ ಮುಖ ನೋಡಲಾಗಲಿಲ್ಲ.