ಅಪ್ಪನ ಟ್ರಾಕ್ಟರಿನ ಅಸಲಿ ಬಣ್ಣ

ನಾನು ವಿಜಯಪುರದಲ್ಲಿ ಡ್ರಾಯಿಂಗ್ ಮಾಸ್ತರ. ಬಣ್ಣದ ವಿಷಯದಲ್ಲಿ ಯಾರಾದರೂ ನನಗೆ ಬುದ್ಧಿ ಹೇಳಿದರೆ ಸಿಟ್ಟು ನೆತ್ತಿಗೇರುತ್ತದೆ. ಹೇಳುವವನು ಸ್ವಂತ ತಮ್ಮನಾದರಂತೂ ಮುಗಿದೇ ಹೋಯಿತು.

ಟಿಕೋಟಾ ಹತ್ತಿರದ ನಮ್ಮ ದ್ರಾಕ್ಷಿ ತೋಟ ನೋಡಿಕೊಳ್ಳುವವನು ಅವನೇ. ಬಳ್ಳಿಸಾಲಿನ ನಡುವೆ ತೂರುವಂಥ ಸಣ್ಣದೊಂದು ಹಳೆಯ ಟ್ರಾಕ್ಟರು ಅಲ್ಲಿ ವರ್ಷಗಟ್ಟಲೆ ಮೂಲೆ ಹಿಡಿದಿತ್ತು. ಅದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂಡುತ್ತಿತ್ತು. ಹೋದ ವರ್ಷ ಅಪ್ಪ ಹಟ ಹಿಡಿದ: ದಸರೆಯ ಖಂಡೆಪೂಜೆಯ ಹೊತ್ತಿಗೆ ಅದು ಮತ್ತೆ ಓಡಬೇಕು, ಬಂದ ಮೊದಲ ದಿನದ ಹಾಗೆಯೇ ಅವ್ವ ಅದಕ್ಕೆ ಆರತಿ ಬೆಳಗಬೇಕು.

ಆ ಮೊದಲ ದಿನವೇ ಅಪ್ಪನ ಜೀವಮಾನದ ಬಂಡವಾಳ. ಅವ್ವ ಮಹಾರಾಷ್ಟ್ರದ ಗಡಿಯ ಕನಮಡಿಯವಳು, ಮರಾಠಿ ಸಾಲಿಯಲ್ಲಿ ನಾಕು ಇಯತ್ತೆ ಓದಿದವಳು. ‘ಎರಡೆತ್ತಿನ ಮನಿಗೆ ಕೊಟ್ಟು ಕೆಟ್ವಿ’ ಎಂದು ಆಕೆಯ ಅಣ್ಣಂದಿರು ಆಡಿಕೊಂಡಿದ್ದರು. ಅವರನ್ನೆಲ್ಲ ಅಂಗಳದಲ್ಲಿ ಕೂರಿಸಿ, ಅವರ ಕಣ್ಣೆದುರೇ ಅಪ್ಪ ಟ್ರಾಕ್ಟರು ತಂದು ನಿಲ್ಲಿಸಿದ್ದ. ‘ಶೋರೂಮಿನಿಂದ ಹೊಸಾದು ತಂದೇನಿ. ಸೀಟಿನ ಪ್ಲಾಸ್ಟಿಕ್ ನಾನಽ ಹರದೇನಿ’ ಎಂಬ ಮಾತನ್ನು ಕೇಳದ ಬೀಗರಿಲ್ಲ, ಕೇಳದ ಡಾಕ್ಟರರೂ ಇಲ್ಲ.

ಎಂಜಿನ್ನು ತಯಾರಾಯಿತು. ಜಗಳ ಶುರುವಾದದ್ದು ಬಣ್ಣಕ್ಕೆ.

‘ವೈನ್ ಕಲರ್ ಹೊಡಸೂಣು ಅಣ್ಣಾ, ಮ್ಯಾಲೆ ಬಂಗಾರದ ಪಟ್ಟಿ. ದ್ರಾಕ್ಷಿ ತ್ವಾಟಕ್ಕ ಒಪ್ಪತೈತಿ’ ಎಂದ ತಮ್ಮ.

‘ಅದು ಟ್ರಾಕ್ಟರೋ, ಬದನಿಕಾಯೋ? ಅಸಲಿ ಬಣ್ಣಾ ಅನ್ನೂದಕ್ಕ ಒಂದು ಮರ್ಯಾದಿ ಐತಿ!’ ಎಂದು ನಾನು ಒದರಿದೆ.

ಅಸಲಿ ಯಾವುದು ಎಂಬುದಕ್ಕೇ ಮನೆಯಲ್ಲಿ ಮೂರು ಪಂಗಡ. ತಮ್ಮನ ಹೆಂಡತಿ ನೀಲಿ ಎಂದಳು. ಆಕೆ ಮದುವೆಯಾಗಿ ಬಂದಾಗ ಇದ್ದದ್ದು ನೀಲಿ. ನನ್ನ ಹೆಂಡತಿ ಹಸಿರೆಂದಳು. ಅದಕ್ಕೂ ಮೊದಲು, ಬಾಗಿಲಿಗೆ ಹೊಡೆದು ಉಳಿದಿದ್ದ ಹಸಿರನ್ನು ಅವ್ವ ಹಟ ಮಾಡಿ ಟ್ರಾಕ್ಟರಿಗೆ ಹೊಡೆಸಿದ್ದಳು. ಅಪ್ಪನದೂ ನನ್ನದೂ ಕೆಂಪು.

ಬಬಲೇಶ್ವರದ ಪೇಂಟರನ ಶೆಡ್ಡಿಗೆ ಒಯ್ದು ಹುಕುಂ ಮಾಡಿದೆ: ‘ತಗಡು ಕಾಣೂತನಕ ತಿಕ್ಕಪಾ. ಕೈ ನಿಂದರಸಬ್ಯಾಡ.’

ನೀಲಿ ಹೋಯಿತು, ಹಸಿರು ಹೋಯಿತು, ಕೆಂಪು ಕಂಡಿತು. ತಮ್ಮನಿಗೆ ಫೋನು ಹಚ್ಚಿ ಮೆರೆದೆ. ಪೇಂಟರ ಮಾತ್ರ ತಿಕ್ಕುತ್ತಲೇ ಇದ್ದ. ‘ತಗಡ ಇನ್ನಾ ಕಂಡಿಲ್ರಿ ಮಾಸ್ತರ’ ಎಂದ. ಕೆಂಪೂ ಹೋಗಿ ಬಾನೆಟ್ಟಿನ ಮೇಲೆ ಹಳದಿ ಬಂತು. ಅದರ ಮೇಲೆ ಬಿಳಿಯ ಮರಾಠಿ ಅಕ್ಷರ: ‘ಆಯೀಚಾ ಆಶೀರ್ವಾದ’. ತಾಯಿಯ ಆಶೀರ್ವಾದವಂತೆ!

‘ಶೋರೂಮಿನ್ಯಾಗ ಇದನ್ನೂ ಬರದ ಕೊಡ್ತಾರೇನ್ರಿ?’ ಎಂದು ಪೇಂಟರ ಕೇಳಿದ.

ಹಾಗಾದರೆ ಇದು ಯಾರೋ ಓಡಿಸಿ ಬಿಟ್ಟ ಗಾಡಿ! ಅಪ್ಪನ ಮಾನ ನನ್ನ ಕೈಯಿಂದಲೇ ಹೋಗುವುದಿತ್ತು. ‘ಮೊದಲ ಈ ಅಕ್ಷರದ ಮ್ಯಾಲೆ ಪುಟ್ಟಿ ಬಳಿ’ ಎಂದು ಪೇಂಟರನಿಗೆ ಹೇಳಿ, ಅಸಲಿ ಬಣ್ಣದ ಮಾತೇ ಬೇಡವೆಂದು ಮತ್ತೆ ತಮ್ಮನಿಗೆ ಫೋನು ಮಾಡಿದೆ.

‘ನಿನ್ನ ವೈನ್ ಕಲರಽ ಇರಲಿ.’

‘ಆರಾಮ ಅದಿಯಿಲ್ಲೋ ಅಣ್ಣಾ? ಅಪ್ಪಾ ಆಗಲೇ ಅಲ್ಲಿಗೆ ಹೊಂಟಾನ.’

ಪುಟ್ಟಿ ಬಳಿಯುವುದು ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಅಪ್ಪನ ಆಟೋ ಬಂದೇಬಿಟ್ಟಿತು. ನೆಲಕ್ಕಿಳಿಸಿಟ್ಟಿದ್ದ ಬಾನೆಟ್ಟಿನ ಮೇಲೆ, ಆ ಅಕ್ಷರಗಳ ಮೇಲೆಯೇ, ನಾನು ಕುಕ್ಕರಿಸಿದೆ.

‘ಏಳು’ ಎಂದ ಅಪ್ಪ.

‘ಏಳಾಕ ಬರವಲ್ದು.’

ಸುಳ್ಳಲ್ಲ. ಹಸಿ ಪುಟ್ಟಿ ನನ್ನ ಪ್ಯಾಂಟು ಹಿಡಿದುಕೊಂಡಿತ್ತು. ಪೇಂಟರ ಎರಡೂ ಕೈ ಹಿಡಿದು ಜಗ್ಗಿದಾಗ ನಾನು ಎದ್ದೆ, ಪುಟ್ಟಿಯೆಲ್ಲ ನನ್ನ ಜೊತೆ ಎದ್ದಿತು, ಆಶೀರ್ವಾದ ಸ್ವಚ್ಛವಾಗಿ ಕಂಡಿತು.

ಅಪ್ಪ ಅದನ್ನು ನೋಡಿ, ಪೇಂಟರನನ್ನು ಚಹಾಕ್ಕೆ ಕಳಿಸಿದ.

‘ಮಿರಜ್ ಕಡೆ ಹಳೇದು ಸಿಕ್ಕಿತ್ತು. ಜೋರಾಪುರ ಪೇಟ್ಯಾಗಿನ ಗೆಳ್ಯಾನ ಹಿತ್ತಲದಾಗ ನಾನಽ ಕೆಂಪು ಹೊಡದ್ನಿ. ಗಾಂಧಿ ಚೌಕಿನ್ಯಾಗ ಪ್ಲಾಸ್ಟಿಕ್ ಕೊಂಡು ಸೀಟಿಗೆ ಸುತ್ತಿದ್ನಿ.’

‘ಯಪ್ಪಾ! ಹರಿಯಾಕಂತನಽ ಸುತ್ತಿದ್ಯಾ?’

‘ಹರದದ್ದು ಖರೇ ಐತಿ’ ಎಂದ ಅಪ್ಪ, ಗಂಭೀರವಾಗಿ. ಆಮೇಲೆ ಅವನ ದನಿ ಇಳಿಯಿತು. ‘ಅಣ್ಣಂದಿರ ಮುಂದ ನಿಮ್ಮವ್ವನ ಮಾರಿ ಸಣ್ಣದಾಗಬಾರ್ದಿತ್ತು. ಈಗೂ ಆಕಿಗೆ ಗೊತ್ತಾಗಬಾರ್ದು. ಆಕಿ ಆರತಿ ಮಾಡಿದ್ದು ಕೆಂಪಿಗೆ. ಕೆಂಪಽ ಹೊಡಸು.’

ನನಗೆ ಅಪ್ಪನನ್ನು ನೋಡಿ ನಗುವೂ ಅಳುವೂ ಒಟ್ಟಿಗೇ ಬಂದವು. ಎದುರು ನಿಂತು ಮೂರು ಕೈ ಕೆಂಪು ಹೊಡೆಸಿದೆ. ತಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟ.

ಖಂಡೆಪೂಜೆಯ ಸಂಜೆ ಕನಮಡಿಯ ಸಣ್ಣ ಮಾವ, ಅವ್ವನ ತಮ್ಮ, ಅವನೂ ಬಂದಿದ್ದ. ಟ್ರಾಕ್ಟರು ಚೆಂಡುಹೂವಿನ ಹಾರ ಹಾಕಿಕೊಂಡು ಅಂಗಳದಲ್ಲಿ ನಿಂತಿತ್ತು. ಅವ್ವ ಆರತಿ ಬೆಳಗಿ, ಬಾನೆಟ್ಟಿಗೆ ಕುಂಕುಮ ಹಚ್ಚಿ, ಅದರ ಮೇಲೆ ಅಂಗೈ ಆಡಿಸಿದಳು. ಪಕ್ಕದಲ್ಲಿದ್ದ ಅಪ್ಪನಿಗೂ ನನಗೂ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದಳು:

‘ಈ ಸಲ ಚಲೋ ದಪ್ಪ ಹೊಡಿಸೀರಿ. ಮೊದಲಿನ ಕೆಂಪಿನ್ಯಾಗ, ಸಂಜೀ ಬಿಸಲು ಬಿದ್ರ, ಆ ಆಯೀ ಆಶೀರ್ವಾದ ಓದಾಕ ಬರ್ತಿತ್ತು. ಅದಕ್ಕಽ ನಾನು ಬಾಗಲದ ಹಸರು ಹೊಡಸಿದ್ದು.’

ಅಪ್ಪನ ಕೈಯಲ್ಲಿದ್ದ ತೆಂಗಿನಕಾಯಿ ಒಡೆಯದೆ ಹಾಗೇ ಉಳಿಯಿತು. ಅವ್ವ ಅವನತ್ತ ನೋಡಲೂ ಇಲ್ಲ. ಸೆರಗು ಸರಿ ಮಾಡಿಕೊಂಡು ತನ್ನ ತಮ್ಮನ ಕಡೆ ತಿರುಗಿ ಗಟ್ಟಿಯಾಗಿ ಕರೆದಳು:

‘ಬಾರೋ, ಇಲ್ಲಿ ಕುಂಡ್ರು ಬಾ. ಶೋರೂಮಿನ ಪ್ಲಾಸ್ಟಿಕ್ ಹೆಂಗ ಹರದ್ರು ಅಂತ ಇವ್ರು ಹೇಳ್ತಾರ, ಕೇಳು.’