ಬೋಳಿಸಿದ ಕಡೆ

ಆ ದೊಡ್ಡಾಸ್ಪತ್ರೆಯ ಮಿದುಳು ಮತ್ತು ಬೆನ್ನುಹುರಿ ವಿಭಾಗದಲ್ಲಿ ಅವನನ್ನು ಎಲ್ಲರೂ ಬುರುಡೆಯಣ್ಣ ಎಂದೇ ಕರೆಯುತ್ತಿದ್ದರು. ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಗಳ ತಲೆ ಬೋಳಿಸುವುದು ಅವನ ಕೆಲಸ, ಬೋಳಿಸುತ್ತ ಬುರುಡೆ ಬಿಡುವುದು ಅವನ ಚಟ. ಮೂವತ್ತೊಂದು ವರ್ಷ ಇದನ್ನೇ ಮಾಡಿದವನಿಗೆ ತಾನೂ ಅರ್ಧ ಡಾಕ್ಟರು ಅನ್ನಿಸಿದ್ದರೆ ತಪ್ಪೇನಿಲ್ಲ. ಮುಕ್ಕಾಲು ಡಾಕ್ಟರು ಅಂದುಕೊಂಡದ್ದೇ ಎಡವಟ್ಟಾಯಿತು.

ರೋಗಿಯ ಜೊತೆ ವಾರ್ಡಿನಿಂದ ಒಂದು ಚೀಟಿ ಬರುತ್ತಿತ್ತು. ತಲೆಯ ಯಾವ ಕಡೆ ಬೋಳಿಸಬೇಕೆಂದು ಅದರಲ್ಲಿ ಬರೆದಿರುತ್ತಿತ್ತು. ಅದನ್ನು ಓದುವ ಅಭ್ಯಾಸವನ್ನು ಅವನು ಬಿಟ್ಟು ಎಷ್ಟೋ ಕಾಲವಾಗಿತ್ತು. ಎಂದೋ ನಿವೃತ್ತರಾದ ಸರ್ಜನ್ ಒಬ್ಬರು ಅವನಿಗೊಂದು ಪರೀಕ್ಷೆ ಹೇಳಿಕೊಟ್ಟಿದ್ದರು. ರೋಗಿಯ ಎರಡೂ ಕೈ ಮುಂದಕ್ಕೆ ಚಾಚಿಸಿ ಕಣ್ಣು ಮುಚ್ಚಿಸಬೇಕು. ಎಡ ಮಿದುಳು ಬಲಗೈಯನ್ನು ಆಳುತ್ತದೆ, ಬಲ ಮಿದುಳು ಎಡಗೈಯನ್ನು. ಯಾವ ಕೈ ಜಾರುತ್ತದೋ ಅದರ ಎದುರು ಕಡೆಯ ತಲೆಯಲ್ಲಿ ತೊಂದರೆ.

"ಚೀಟಿ ಬರೆಯೋರು ನಿನ್ನೆ ಮೊನ್ನೆ ಬಂದೋರು. ಕೈ ಸುಳ್ಳು ಹೇಳಲ್ಲ," ಎಂದು ಅವನು ಮನೆಯಲ್ಲೂ ಕೊಚ್ಚಿಕೊಳ್ಳುತ್ತಿದ್ದ. "ಒಂದ್ಸಲಾನೂ ತಪ್ಪಿಲ್ಲ ಕಣೇ."

"ಹೂಂ, ಬಾಯಿಗಿಂತ ಕೈಯೇ ವಾಸಿ ಬಿಡಿ," ಎನ್ನುತ್ತಿದ್ದಳು ಹೆಂಡತಿ.

ಆ ದಿನ ಬೆಳಗಿನಿಂದಲೇ ಮೂರು ತುರ್ತು ಕೇಸು. ಕಾರಿಡಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನ ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜಿಯನ್ನು ತಂದು ಅವನ ಕೋಣೆಯಲ್ಲಿ ಬಿಟ್ಟು ನರ್ಸ್ ಓಡಿದಳು. ಟೆಲಿಫೋನ್ ಕಚೇರಿಯಲ್ಲಿ ಜೀವಮಾನವಿಡೀ ಮಾತಿನಿಂದಲೇ ದುಡಿದವರು ಈ ಅಜ್ಜಿ. ಒಂದೂವರೆ ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಬುಗುಟೆ ಬಂದಿತ್ತು. ಬುಗುಟೆ ಇಳಿಯಿತು, ಎಲ್ಲರೂ ಮರೆತರು. ಈಗ ನಾಲ್ಕು ದಿನದಿಂದ ತಲೆನೋವು, ಮಂಪರು. ಮಾತಂತೂ ನಿಂತೇ ಹೋಗಿತ್ತು.

"ಹೆದರ್ಬೇಡಿ ಅಜ್ಜಿ," ಎಂದ ಬುರುಡೆಯಣ್ಣ ಸೋಪು ನೊರೆ ಕಲಸುತ್ತ. "ಬಿದ್ದಾಗ ಒಳಗೆ ಸಣ್ಣ ರಕ್ತನಾಳ ಹರಿದಿರತ್ತೆ. ರಕ್ತ ತೊಟ್ಟು ತೊಟ್ಟಾಗಿ ಸೇರ್ಕೊಂಡಿದೆ. ಬುರುಡೆ ಹಿಗ್ಗಲ್ಲ ನೋಡಿ, ಅದಕ್ಕೇ ಮಿದುಳು ಮುದುಡ್ಕೊಳ್ಳತ್ತೆ. ಎರಡು ತೂತು ಕೊರೆದು ತೊಳೆದುಬಿಟ್ರೆ ಮತ್ತೆ ಫೋನ್ ಎತ್ಬೋದು ನೀವು. ಎಲ್ಲಿ, ಕೈ ಚಾಚಿ."

ಅಜ್ಜಿ ಚಾಚಿದರು. ಎಡಗೈ ದೊಪ್ಪನೆ ತೊಡೆಯ ಮೇಲೆ ಬಿತ್ತು. ಬಲಗೈ ಏನಾಯಿತೆಂದು ಅವನು ನೋಡಲೇ ಇಲ್ಲ. ಚೀಟಿಯ ಮೇಲೆ ಸೋಪಿನ ಬಟ್ಟಲಿಟ್ಟು ತಲೆಯ ಬಲಗಡೆಗೆ ಕತ್ತಿ ಹಾಕಿದ. ಅಜ್ಜಿ ಅವನ ಮಣಿಕಟ್ಟು ಹಿಡಿದು ಏನೋ ಗೊಣಗಿದರು. "ಕೂದಲು ಬರತ್ತೆ ಬಿಡಿ, ನಾನೇನು ಬೇರು ಕೀಳ್ತಿಲ್ಲ," ಎಂದು ನಗಿಸಲು ನೋಡಿದ.

ಅವರನ್ನು ಒಳಗೆ ಕರೆದೊಯ್ದು ಅರ್ಧ ಗಂಟೆಯಾದ ಮೇಲೆ ಅಜ್ಜಿಯ ಮಗಳು ಬಾಗಿಲಲ್ಲಿ ಇಣುಕಿದಳು.

"ಅಮ್ಮನ ಕನ್ನಡಕ ಇಲ್ಲಿ ಉಳೀತಾ?"

ಕನ್ನಡಕ ಕೊಡುತ್ತ ಧೈರ್ಯವನ್ನೂ ಕೊಡೋಣವೆನ್ನಿಸಿತು ಅವನಿಗೆ. "ಎಡಗೈ ಪೂರ್ತಿ ಸೋತಿದೆ ಅಮ್ಮಂದು. ನೋಡ್ತಾ ಇರಿ, ನಾಳೆಯೇ ಎತ್ತುತ್ತಾರೆ."

"ಎಡಗೈನಾ?" ಮಗಳು ಹುಬ್ಬು ಗಂಟಿಕ್ಕಿದಳು. "ಅದೆಲ್ಲಿ ಎತ್ತುತ್ತಾರೆ? ಅಮ್ಮ ಎಂಟು ವರ್ಷದವಳಿದ್ದಾಗ ಮೆಟ್ಟಿಲಿಂದ ಬಿದ್ದು ಭುಜ ಮುರಿದಿದ್ದು, ಆಗಿಂದ ಅದು ಹಾಗೇ. ಈಗ ಸೋತಿರೋದು ಬಲಗೈ. ಚಮಚಾನೂ ನಿಲ್ತಿಲ್ಲ."

ಅವನು ಮೇಜಿನ ಕಡೆ ತಿರುಗಿದ. ಬಟ್ಟಲು ಸರಿಸಿ ಚೀಟಿ ಎಳೆದ. ಒದ್ದೆಯಾದ ಕಾಗದದಲ್ಲಿ ಒಂದೇ ಪದ, ದಪ್ಪಗೆ ಬರೆದಿತ್ತು: ಎಡ. ಮಾತು ಹೋಗಿತ್ತಲ್ಲ ಅಜ್ಜಿಗೆ! ಮಾತಿನ ಜಾಗ ಸಾಮಾನ್ಯವಾಗಿ ಎಡ ಮಿದುಳು ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದವನೇ ಅವನು.

ಮೂವತ್ತೊಂದು ವರ್ಷದಲ್ಲಿ ಅವನು ಆಪರೇಷನ್ ಕೋಣೆಯ ಒಳಬಾಗಿಲು ದಾಟಿದವನಲ್ಲ. ಈಗ ಚಪ್ಪಲಿ ಕಾಲಲ್ಲೇ ನುಗ್ಗಿದ. ಅಜ್ಜಿಗೆ ಅರಿವಳಿಕೆ ಕೊಟ್ಟಾಗಿತ್ತು. ಹಸಿರು ಬಟ್ಟೆಯ ನಡುವೆ ಅವನು ಬೋಳಿಸಿದ ತುಂಡು ಮಾತ್ರ ಕಂದು ಔಷಧಿ ಬಳಿದುಕೊಂಡು ಹೊಳೆಯುತ್ತಿತ್ತು. ಸರ್ಜನ್ ಅಮ್ಮನ ಕೈಯಲ್ಲಿ ಚಾಕು.

"ನಿಲ್ಸಿ! ಆ ಕಡೆ ಅಲ್ಲ! ಆ ಕಡೆ ಅಲ್ಲ!"

ಅರಿವಳಿಕೆ ಡಾಕ್ಟರು ಹೊರಗಿನ ಮೇಜಿನಿಂದ ತಲೆಯ ಸ್ಕ್ಯಾನ್ ಫಿಲ್ಮು ತಂದು ಬೆಳಕಿಗೆ ಹಿಡಿದರು. "ಎಡಗಡೆ," ಎಂದರು, ಅಷ್ಟೇ.

ಸರ್ಜನ್ ಅಮ್ಮ ಚಾಕುವನ್ನು ತಟ್ಟೆಯಲ್ಲಿಟ್ಟರು. ಮುಖವಾಡದ ಮೇಲಿನ ಆ ಕಣ್ಣುಗಳಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು. "ಚೀಟಿ ನೋಡಿ ತಾನೆ ನೀನು ಬೋಳಿಸೋದು?"

"ಫಿಲ್ಮ್ ನೋಡಿ ತಾನೆ ನೀವು ಕೊಯ್ಯೋದು?"

ಅವನು ಎದುರುತ್ತರ ಕೊಟ್ಟದ್ದಲ್ಲ. ಹಾಗೆಂದು ನಂಬಿದ್ದ, ಅಷ್ಟೇ. ಬೆಳಿಗ್ಗೆ ಫಿಲ್ಮು ನೋಡಿದ್ದ ಸರ್ಜನ್ ಅಮ್ಮ ಮೂರು ತಲೆ ತೆರೆದು ಮುಗಿಸುವಷ್ಟರಲ್ಲಿ ಬೋಳಿಸಿದ ಕಡೆಯನ್ನೇ ನಂಬಿಬಿಟ್ಟಿದ್ದರು.

ಎಡಗಡೆಯನ್ನೂ ಅವನಿಗೇ ಬೋಳಿಸಲು ಹೇಳಿದರು. ಎಡಗಡೆ ಯಾವುದೆಂದು ಅವನು ಎರಡು ಸಲ ಕೇಳಿದ ಮೇಲೆ ನರ್ಸೇ ಕತ್ತಿ ಕಸಿದುಕೊಂಡಳು. ತೂತು ಕೊರೆದಾಗ ಹಳೇ ಎಂಜಿನ್ ಎಣ್ಣೆಯ ಬಣ್ಣದ ರಕ್ತ ಹರಿದು ಬಂತಂತೆ.

ಮೂರನೇ ದಿನ ಅಜ್ಜಿ ಮಾತಾಡಿದರು. ಆಸ್ಪತ್ರೆಯ ಗಂಜಿಯಿಂದ ಹಿಡಿದು ಅಳಿಯನ ಗೊರಕೆಯವರೆಗೆ ಒಂದನ್ನೂ ಬಿಡದೆ ಬೈದರು. ಬುರುಡೆಯಣ್ಣ ವಾರ್ಡಿನ ಬಾಗಿಲಲ್ಲಿ ನಿಂತು ಕೇಳಿದ. ಅವನ ಕಣ್ಣು ತುಂಬಿತ್ತು. ಮಗಳು ಓಡಿ ಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ಡಾಕ್ಟರಮ್ಮ ಹೇಳಿದ್ರು. ನೀವು ಓಡಿ ಹೋಗಿ ನಿಲ್ಲಿಸದಿದ್ರೆ ಅಮ್ಮನ ಗತಿ ಏನಾಗ್ತಿತ್ತೋ! ನಿಮ್ಮ ಋಣ ತೀರಿಸೋಕಾಗಲ್ಲ ಅಣ್ಣಾ."

ಸುಮ್ಮನಿದ್ದುಬಿಡಬಹುದಿತ್ತು. ಆಗಲಿಲ್ಲ.

"ತಪ್ಪು ಕಡೆ ಬೋಳಿಸಿದ್ದೇ ನಾನಮ್ಮ. ಚೀಟಿ ಕೈಯಲ್ಲೇ ಇತ್ತು. ನಾನು ಓದ್ಲಿಲ್ಲ. ಓದೋದು ಬಿಟ್ಟೇ ಎಷ್ಟೋ ವರ್ಷ ಆಯ್ತು."

ಅವಳು ಮೆಲ್ಲಗೆ ಕೈ ಬಿಟ್ಟಳು.

"ಇದೇ ಮೊದಲ ಸಲಾನಾ?" ಎಂದು ಕೇಳಿದಳು.

ಹೌದು ಎನ್ನಲು ಅವನು ಬಾಯಿ ತೆರೆದ. ಇಷ್ಟು ವರ್ಷ ಒಂದು ದಿನವೂ ಚೀಟಿ ಓದಿ ತಾಳೆ ನೋಡದವನಿಗೆ ಅದು ಗೊತ್ತಾಗುವುದಾದರೂ ಹೇಗೆ? ಅವನ ಕುರ್ಚಿಯಿಂದ ಎದ್ದು ಒಳಗೆ ಹೋದವರಲ್ಲಿ ಮಾತು ಬಾರದೆ ಹೊರಬಂದವರಿದ್ದರು, ಹೊರಗೇ ಬಾರದವರೂ ಇದ್ದರು. ಕಾಯಿಲೆ ಕೆಟ್ಟದ್ದು ಎಂದೇ ಅವನು ಎಲ್ಲರ ಮನೆಯವರಿಗೂ ಸಮಾಧಾನ ಹೇಳಿ ಕಳಿಸಿದ್ದ.

"ಗೊತ್ತಿಲ್ಲಮ್ಮ," ಎಂದ.